ಬುಧವಾರದ್ದು

ಸ್ಟ್ರೂಅನ್ ಮನೆಯಲ್ಲಿದ್ದದ್ದು ಕಮೊಡೋರ್.
ಬ್ರೆಡ್ಡಿನ ಡಬ್ಬಿಯಂಥ ದಪ್ಪ ಮೈ,
ಒತ್ತಿದರೆ ಟಕ್ಕೆಂದು ಓಗೊಡುವ ಕೀಲಿಗಳು.
ನಮ್ಮದು ಸ್ಪೆಕ್ಟ್ರಮ್. ಎರಡು ಅಂಗೈಯಷ್ಟು.
ರಬ್ಬರ್ ಕೀಲಿ, ಸತ್ತ ಮೀನನ್ನು ಮುಟ್ಟಿದ ಹಾಗೆ
ಅಂದವನು ಅವನು. ನಾನು ಒಪ್ಪಲಿಲ್ಲ.

ಶಾಲೆಯ ಬಸ್ಸಿನ ಮೇಲಂತಸ್ತಿನಲ್ಲಿ ದಿನಾ ವ್ಯಾಜ್ಯ:
ಅರವತ್ತನಾಲ್ಕು ದೊಡ್ಡದೋ ನಲವತ್ತೆಂಟೋ?
ಇನ್ನೂರು ಪೌಂಡು ಹಗುರವೋ ನೂರ ಮೂವತ್ತೋ?
ನನ್ನದು ಮೂರು ಕೊರಳಲ್ಲಿ ಹಾಡುತ್ತೆ ಕಣೆ,
ನಿನ್ನದು ಬಾಟಲಿಗೆ ಬಿದ್ದ ನೊಣ.
ಹಾಡಲಿ ಬಿಡು, ನಿನ್ನ ಆಟ ಟೇಪಿನಿಂದಿಳಿದು ಬರುವುದರೊಳಗೆ
ನಿಮ್ಮಜ್ಜಿ ಎರಡೂ ಕಾಲಿಗೆ ಕಾಲುಚೀಲ ಹೆಣೆದಿರುತ್ತಾಳೆ.

ನಿಜ ಹೇಳಬೇಕೆಂದರೆ, ನನ್ನ ತೆರೆಯ ಮೇಲೆ
ಕೆಂಪು ಸೈನಿಕ ಹಸಿರು ಮರದ ಪಕ್ಕ ಸುಳಿದರೆ
ತಾನೂ ಅರ್ಧ ಮರವಾಗುತ್ತಿದ್ದ.
ಒಂದು ಚೌಕಕ್ಕೆ ಎರಡೇ ಬಣ್ಣ;
ತಲೆಗೆಳೆದರೆ ಕಾಲಿಗಿಲ್ಲ, ಕಾಲಿಗೆಳೆದರೆ ತಲೆಗಿಲ್ಲ.
ಇದನ್ನು ಬಸ್ಸಿನಲ್ಲಿ ಹೇಳಲಿಲ್ಲ.

ಅಮ್ಮನಿಗೂ ಹೇಳಲಿಲ್ಲ.
ಡಂಡಿಯ ಗಡಿಯಾರದ ಕಾರ್ಖಾನೆಯಲ್ಲಿ
ಇದನ್ನೇ ಮಾಡುವವಳು ಅವಳು.
ಕೈಗಡಿಯಾರಕ್ಕೆ ಮುಳ್ಳು ಕೂರಿಸುತ್ತಿದ್ದ ಬೆರಳು
ಈಗ ಹಸಿರು ಹಲಗೆಗೆ
ಎಂಟು ಜೊತೆ ಕಾಲಿನ ಕರಿಹುಳಗಳನ್ನು ಒತ್ತುತ್ತವೆ.
ಪಾಳಿ ಮುಗಿಸಿ ಬಂದರೆ ಕೂದಲಲ್ಲಿ ಬೆಸುಗೆಯ ಹೊಗೆ.
ಕ್ರಿಸ್‌ಮಸ್ಸಿಗೆ ಕಮೊಡೋರ್ ಬೇಕು ಎಂದು ಚೀಟಿ ಬರೆದು
ಚಹಾ ಡಬ್ಬಿಯ ಕೆಳಗಿಟ್ಟಿದ್ದೆ.
ಓದಿದಳು. ಮಡಚಿದಳು. ಏನೂ ಅನ್ನಲಿಲ್ಲ.

ಜನವರಿಯ ಒಂದು ಸಂಜೆ, ಟೇ ನದಿಯ ಗಾಳಿ ಕಿಟಕಿ ಅಲುಗಿಸುತ್ತಿತ್ತು,
ಸ್ಟ್ರೂಅನ್ ನಗಲೆಂದೇ ಬಂದಿದ್ದ.
ಟೇಪು ಮೂರನೇ ಸಲ ಕಿರುಚಿ ಕೈಕೊಟ್ಟಿತು.
ಅಮ್ಮ ಕೋಟು ಕೂಡ ಬಿಚ್ಚದೆ ಬಂದು
ಯಂತ್ರದ ತಳವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ
ಕನ್ನಡಕ ಸರಿಸಿ ಅಂಕಿ ಓದಿದಳು.

"ಬುಧವಾರದ್ದು. ಅವತ್ತು ನನಗೆ ಹಲ್ಲುನೋವು,
ಅರ್ಧ ಗಂಟೆ ನನ್ನ ಜಾಗದಲ್ಲಿ ಇಷ್‌ಬೆಲ್ ಕೂತಿದ್ದಳು.
ಪಿ ಕೀಲಿ ನೆಟ್ಟಗಿದೆಯಾ?"

ಸ್ಟ್ರೂಅನ್ ಒತ್ತಿದ.
ಒಂದೇ ಏಟಿಗೆ ಇಡೀ ಪದ ಮೂಡಿತು: ಪ್ರಿಂಟ್.
"ನಮ್ಮನೇಲಿ ಇದಕ್ಕೆ ಐದು ಸಲ ಒತ್ತಬೇಕು"
ಅಂದ, ತನಗೇ ಎಂಬಂತೆ. ಅಳಿಸಿ ಮತ್ತೆ ಒತ್ತಿದ.
ಅಮ್ಮ ತೆರೆಯನ್ನು ನೋಡಲೇ ಇಲ್ಲ,
ಅವನ ಬೆರಳು ಇಳಿಯುವುದನ್ನೇ ನೋಡುತ್ತಿದ್ದಳು,
ಮತ್ತೊಮ್ಮೆ, ಮತ್ತೊಮ್ಮೆ.

ಮರುದಿನ ಬಸ್ಸಿನಲ್ಲಿ ಅವನೇ ಶುರು ಮಾಡಿದ:
"ಏನೇ ಅನ್ನು, ಮೂರು ಕೊರಳು ಮೂರೇ."
ಹೌದು ಅಂದೆ.
ಅವನಿಗೆ ಮುಂದೇನು ಹೇಳಬೇಕೋ ತೋಚಲಿಲ್ಲ.