ನೀಲಿ ವೈರು

ಕೌಲ್ ಬಜಾರಿನ ರೈಲ್ವೆ ಗೇಟು ದಾಟಿ, ಪಂಕ್ಚರ್ ಅಂಗಡಿಯ ಪಕ್ಕದ ಶೆಡ್ಡು ನನ್ನದು.
ಬೋರ್ಡಿಲ್ಲ. ಇದ್ದದ್ದು ಹೋದ ವರ್ಷ ಗಾಳಿಗೆ ಹಾರಿತು,
ಹುಡುಕಲಿಲ್ಲ. ಬರುವವರು ಹೇಗೂ ಬರುತ್ತಾರೆ.

ಹುಲಿಗೆಮ್ಮ ಬಂದದ್ದು ಬೆಳಿಗ್ಗೆ ಎಂಟಕ್ಕೇ,
ಹಿಂದಿನ ಸೀಟಿನ ತುಂಬ ಜೀನ್ಸ್ ಪ್ಯಾಂಟಿನ ಬಂಡಲ್ಲು,
ಬೆರಳ ತುದಿಗೆ ತೊಳೆದರೂ ಹೋಗದ ನೀಲಿ.
ಅದಿರಿಗೆ ಬಂಗಾರದ ಬೆಲೆ ಇದ್ದಾಗ ಯಾರೋ ಮೆರೆದ ಕಾರು,
ಆಮೇಲೆ ಬ್ಯಾಂಕಿನವರು ಎಳೆತಂದು ಹರಾಜಿಗಿಟ್ಟದ್ದು.
"ಎರಡು ಓವರ್‌ಲಾಕ್ ಮಿಷಿನ್ನಿನ ರೇಟಿಗೆ ಬಂತು, ತಗೊಂಡೆ.
ರೇಡಿಯೋ ಕೇಳಿದರೆ ಸಾಕು, ಟೀವಿಯಂಥದ್ದು ಬ್ಯಾಡ" ಅನ್ನುತ್ತ
ಮೈದುನ ತರಿಸಿಕೊಟ್ಟ ಡಬ್ಬಿ ಬಿಚ್ಚಿದಳು.
ಒಳಗಿದ್ದದ್ದು ಟೀವಿಯಂಥದ್ದೇ.

ಹಳೆ ಸೆಟ್ಟು ಎಳೆದೆ. ಅದರ ಬೆನ್ನಿಗೆ ಕೆಂಪು ಹುಡಿ,
ಸಂಡೂರಿನ ಗುಡ್ಡದಿಂದ ಒಂದು ಚಮಚೆ.
ಹಳದಿ ಬ್ಯಾಟರಿಗೆ, ಕೆಂಪು ಚಾವಿಗೆ, ಕಪ್ಪು ಬಾಡಿಗೆ,
ಮೂವತ್ತು ವರ್ಷದಿಂದ ಕೈ ತಾನೇ ಒಪ್ಪಿಸುವ ಮಗ್ಗಿ.
ಉಳಿದ ಬಣ್ಣಗಳನ್ನು ಜೋಡಿ ಜೋಡಿ ಹೊಸೆದು ಟೇಪು ಸುತ್ತಿ
ಚಾವಿ ತಿರುವಿದರೆ ಪರದೆ ತುಂಬ ಹೂವು, ಜಲಪಾತ,
ಒಂದು ನವಿಲು ಕೂಡ.
ದನಿ ಮಾತ್ರ ಇಲ್ಲ.

ಫ್ಯೂಸು ನೋಡಿದೆ. ಡೆಲ್ಲಿ ಮಾಲನ್ನು ಬೈದೆ.
ಹುಡುಗ ಎರ್ರಿಸ್ವಾಮಿಯನ್ನು ಸುಮ್ಮನೆ ಬೈದೆ.
ಒಗ್ಗರಣೆ ತರಿಸಿ, ಮಿರ್ಚಿ ಕಚ್ಚುತ್ತ ಯೋಚಿಸಿದೆ.
ಹುಲಿಗೆಮ್ಮ ಸ್ಟೂಲಿನ ಮೇಲೆ ಕೂತು
ಪ್ಯಾಂಟಿನ ದಾರದ ತುದಿ ಕತ್ತರಿಸುತ್ತಿದ್ದಳು,
ಅವಸರವೂ ಇಲ್ಲ, ನನ್ನ ಮೇಲೆ ನಂಬಿಕೆಯೂ ಇಲ್ಲ.

ಎಡಗಡೆ ಸೀಟಿನ ಕೆಳಗೆ ಕಾರ್ಪೆಟ್ ಎತ್ತಿದಾಗ ಸಿಕ್ಕಿತು
ಬುತ್ತಿ ಡಬ್ಬಿಯಷ್ಟು ಆಂಪ್ಲಿಫೈಯರು, ಕಂಪನಿಯೇ ಕೂರಿಸಿದ್ದು.
ಬಾಗಿಲುಗಳಿಗೆ ಹೋಗುವ ದಾರಿಯೆಲ್ಲ ಅದರ ಹೊಟ್ಟೆಯಿಂದಲೇ.
ಕೆಟ್ಟಿರಲಿಲ್ಲ.
ಹಳೆ ಸೆಟ್ಟು ದಿನಾ ಒಂದು ತೆಳು ವೈರಿನಲ್ಲಿ "ಏಳು" ಅನ್ನುತ್ತಿತ್ತು,
ನಾನು ಆ ಮಾತನ್ನೇ ಕತ್ತರಿಸಿ ಟೇಪು ಸುತ್ತಿಟ್ಟಿದ್ದೆ.

"ಕಿತ್ತು ಬಿಸಾಕು, ನೇರ ಕೊಡು" ಅಂದ ಪಂಕ್ಚರಿನ ಮಸ್ತಾನ್‌ವಲಿ.
ಕೊಡಬಹುದು. ನಾಲ್ಕು ಬಾಗಿಲಿಗೂ ಹೊಸ ವೈರು ಎಳೆದರಾಯಿತು.
ಆದರೂ ಇಷ್ಟು ವರ್ಷ ಯಾರದೋ ಕಾಲ ಕೆಳಗೆ ಕೂತು ದುಡಿದದ್ದನ್ನು
ಒಂದು ಮಾತೂ ಕೇಳದೆ ಹೊರಗೆ ಹಾಕುವುದು
ನನಗೆ ಆಗಿಬರುವುದಿಲ್ಲ.

ಸ್ಪೀಕರಿನ ಗಂಟು ಬಿಚ್ಚಿ, ಸಣ್ಣ ದನಿಯ ಪಿನ್ನಿನಿಂದ ಕೊಟ್ಟೆ.
ಅದಕ್ಕೆ ಕೂಗಿ ಹೇಳಬಾರದು,
ಮೆಲ್ಲಗೆ ಹೇಳಿದರೆ ಕೂಗುವ ಕೆಲಸ ಅದರದ್ದು.
ಹೊಸ ಸೆಟ್ಟಿನ ಹಿಂದೆ ಬಿಳಿ ಗೀಟಿನ ನೀಲಿ ವೈರೊಂದು ಉಳಿದಿತ್ತು,
ಯಾವಾಗಲೂ ಮಡಚಿ ಒಳಗೆ ತುರುಕುವಂಥದ್ದು.
ಜೋಡಿಸಿದೆ.

ಟುಪ್.
ನಿದ್ದೆಯಲ್ಲಿದ್ದವರು ಮಗ್ಗುಲು ಬದಲಿಸಿದಷ್ಟೇ ಸದ್ದು.
ಆಮೇಲೆ ಆಕಾಶವಾಣಿಯ ಹೆಂಗಸು ನಾಲ್ಕೂ ಬಾಗಿಲಿನಿಂದ
ಮೆಣಸಿನಕಾಯಿ ಧಾರಣೆ ಓದತೊಡಗಿದಳು;
ಕ್ವಿಂಟಲ್ಲು ಅಂದಾಗೊಮ್ಮೆ, ರೂಪಾಯಿ ಅಂದಾಗೊಮ್ಮೆ
ಸ್ಪೀಕರಿನ ಜಾಲರಿಯಿಂದ ಚಿಟಿಕೆ ಚಿಟಿಕೆ ಕೆಂಪು ಹುಡಿ
ಹುಲಿಗೆಮ್ಮನ ಸೀರೆಗೆ ಹಾರಿತು.
ಅವಳು ಒದರಲಿಲ್ಲ.

ಇಂಜಿನ್ನು ಹಾಕಿದರೆ ಸೊಳ್ಳೆಯಂಥ ರಾಗ, ಎಕ್ಸಲೇಟರು ಒತ್ತಿದಷ್ಟೂ ಏರುವುದು.
ಬಣ್ಣ ಕೆರೆದು ಅರ್ತು ಬದಲಿಸಿದೆ. ಅದಕ್ಕೊಂದು ತಾಸು.

ಎಡ ಬಲ ಸಮ ಇಟ್ಟು, ಕೈ ಒರೆಸಿ, ಸರಿದು ನಿಂತೆ.
ಅವಳು ಸ್ಟೇರಿಂಗಿಗೆ ಕೂತವಳೇ
ಪರದೆ ತಡಕಿ, ದನಿಯನ್ನೆಲ್ಲ ಬಲಕ್ಕೆ ತಳ್ಳಿದಳು.
"ಎಡಗಿವಿ ಮಿಷಿನ್ನಿಗೆ ಹೋತು, ಇಪ್ಪತ್ತು ವರ್ಷ.
ಆ ಕಡೆ ಕೆಲಸದ ಹುಡುಗಿ ಮಲಗಿರ್ತಾಳೆ, ಮಲಗಲಿ.
ನಾನು ಕೇಳೋದು ಎರಡೇ ಸ್ಪೀಕರು, ಎರಡರ ಕೂಲಿ ತಗೋ."

"ಸೀಟಿನ ಕೆಳಗಿಂದು ನಾಲ್ಕಕ್ಕೂ ಎದ್ದು ಕೂತಿರ್ತದವ್ವ" ಅಂದೆ.

ನಕ್ಕಳೋ ಇಲ್ಲವೋ.
ನಾಲ್ಕರದನ್ನೂ ಎಣಿಸಿ ಕೊಟ್ಟಳು,
ಮಿರ್ಚಿಯ ಇಪ್ಪತ್ತು ಮುರಿದುಕೊಂಡು.