ತಟ್ಟು

ಬಾಬಿಯ ಮೊಮ್ಮಗನ ಕಾಲು ನೆಲಕ್ಕೆ ತಾಗತೊಡಗಿದೆ.
ಹಾಗಂತ, ಫೆರಿಯಲ್ಲಿ ಟಿಕೆಟ್ಟು ಹರಿಯುತ್ತಿದ್ದ ನನಗೆ
ಕಾರಿನ ಗಾಜಿಳಿಸಿ ಹೇಳಿ ಹೋದಳು:
"ತಟ್ಟು ಖಾಲಿ ಇದೆ. ನಿನ್ನ ಮಗಳಿಗೆ ಬೇಕೇನು?
ಶನಿವಾರದೊಳಗೆ ಹೇಳು. ಯೆಲ್ ದ್ವೀಪದವರೂ ಕೇಳುತ್ತಿದ್ದಾರೆ."

ಖಾಲಿ ಇದೆ ಅಂದಳು, ಬಾಡಿಗೆ ಮನೆಯ ಹಾಗೆ.

ಮೂವತ್ತೆಂಟು ಇಂಚಿನ ಕಪ್ಪು ಜೀವ,
ಕಣ್ಣು ಮುಚ್ಚುವ ಜುಟ್ಟು,
ಹೊಟ್ಟೆ ಅನ್ನುವುದು ಪೀಪಾಯಿ,
ಹೆಸರು ಸ್ಕೆರಿ.
ಈವರೆಗೆ ನಾಲ್ಕು ಮಕ್ಕಳನ್ನು ಹೊತ್ತಿದೆ,
ಮೂವರನ್ನು ಕೆಡವಿದೆ,
ನಾಲ್ಕನೆಯವನು ಸುಳ್ಳು ಹೇಳುತ್ತಾನೆ.

ಓಸ್ಲಾಗೆ ಆರು.
ಆರರಲ್ಲಿ ಯಾವ ಆಸೆಯೂ ಆರುವುದಿಲ್ಲ.
ಸೋಫಾದ ತೋಳಿಗೆ ನನ್ನ ಬೆಲ್ಟು ಬಿಗಿದು ಲಗಾಮು ಮಾಡಿದ್ದಾಳೆ,
ಅದರ ಮುಂದೆ ದಿನಾ ಓಟ್ಸ್ ಸುರಿಯುತ್ತಾಳೆ,
ದಿನಾ ನಾನು ಗುಡಿಸುತ್ತೇನೆ.

ಏಳಾಗಲಿ, ಅಂದ ಲೌರಿ.
ಏಳಾದರೆ ತಾನೇ ಏಳುತ್ತಾಳೆ,
ಅನ್‌ಸ್ಟ್‌ನ ಜನವರಿಯಲ್ಲಿ, ಒಂಬತ್ತಾದರೂ ಬೆಳಕು ಹರಿಯದಾಗ,
ತೊಟ್ಟಿಯ ಮೇಲಿನ ಮಂಜುಗಡ್ಡೆ ಒಡೆಯಲು.
ಸಾಲ್ಮನ್ ಪಂಜರಗಳ ನಡುವೆ ದಿನವಿಡೀ ನಿಂತು ಬರುವವನು;
ಅವನ ಮಾತಿನಲ್ಲಿ ಉಪ್ಪಿರುತ್ತದೆ,
ತೆಗೆದುಹಾಕುವಂತಿಲ್ಲ.

ಅವನ ತಾಯಿಯದು ಬೇರೆ ಅಳತೆ:
ತುಂಬಿದ ಬಕೆಟ್ಟನ್ನು ಗೇಟಿನಿಂದ ಕೊಟ್ಟಿಗೆಯವರೆಗೆ
ಕಾಲು ತೋಯದಂತೆ ಒಯ್ದರೆ ಸಾಕು.
ನನ್ನ ಅಪ್ಪನದು ಇನ್ನೂ ಸರಳ:
ಕೇಳುವುದನ್ನು ಬಿಟ್ಟ ದಿನ ಕೊಡಿಸುತ್ತೇನೆ.
ಬಿಟ್ಟೆ, ಹನ್ನೊಂದಕ್ಕೆ.
ಅಷ್ಟರಲ್ಲಿ ನನಗೆ ಬೇಕಾಗಿದ್ದದ್ದು ಸೈಕಲ್ಲು.

ರಾತ್ರಿ ಕರೆಂಟು ಬಿಲ್ಲಿನ ಬೆನ್ನಿಗೆ ಲೆಕ್ಕ ಹಾಕಿದೆ.
ಒಣಹುಲ್ಲು, ಗೊರಸು ಕೆತ್ತುವವನ ಕೂಲಿ,
ದೊಡ್ಡ ದ್ವೀಪದಿಂದ ಬರುವ ಪಶುವೈದ್ಯ,
ಮೇ ತಿಂಗಳ ಹಸಿಹುಲ್ಲು ಅತಿಯಾಗಿ
ಗೊರಸು ಬಿಸಿಯೇರಿದರೆ ಅದಕ್ಕೆ ಔಷಧ.
ಇಷ್ಟನ್ನು ಕೂಡಿಸಬಹುದು.
ಕೂಡಿಸಲು ಬಾರದ್ದು ಇದು:
ಗಿಡ್ಡ ಕುದುರೆಗೆ ಆಯಸ್ಸು ಮೂವತ್ತು,
ಮಗುವಿಗೆ ಮಗುತನ ಇನ್ನು ನಾಲ್ಕೋ ಐದೋ.
ಸ್ಕೆರಿಗೆ ಈಗ ಹದಿನಾಲ್ಕು.
ಪಕ್ಕದ ಕೋಣೆಯಲ್ಲಿ ಓಸ್ಲಾ
ನಿದ್ದೆಯಲ್ಲೂ ಹಿಮ್ಮಡಿ ಒತ್ತಿ ಹಾಸಿಗೆಯನ್ನು ಓಡಿಸುತ್ತಿದ್ದಳು.
ಕೆಳಗೆ ಗೆರೆ ಎಳೆದೆ. ಉತ್ತರ ಬರೆಯಲಿಲ್ಲ.

ಗುರುವಾರ ಏನೂ ಹೇಳದೆ ಕರೆದುಕೊಂಡು ಹೋದೆ,
ಮೊಟ್ಟೆ ತರುವ ನೆಪ.
ಗಾಳಿ ಎಂದಿನಷ್ಟೇ, ಅಂದರೆ
ಕಾರಿನ ಬಾಗಿಲನ್ನು ಎರಡು ಕೈಯಲ್ಲಿ ಹಿಡಿಯುವಷ್ಟು.
ಕಲ್ಲುಗೋಡೆಯ ಮಗ್ಗುಲಲ್ಲಿ ಸ್ಕೆರಿ
ಸಮುದ್ರಕ್ಕೆ ಬೆನ್ನು ಕೊಟ್ಟು ನಿಂತಿತ್ತು.

ಓಡುತ್ತಾಳೆ ಅಂದುಕೊಂಡೆ, ಓಡಲಿಲ್ಲ.
ಕುತ್ತಿಗೆಗೆ ಜೋತುಬೀಳುತ್ತಾಳೆ ಅಂದುಕೊಂಡೆ, ಅದೂ ಇಲ್ಲ.
ಹತ್ತು ಹೆಜ್ಜೆ ಈಚೆ ನಿಂತು
ಅದರ ಹಾಗೆಯೇ ಗಾಳಿಗೆ ಬೆನ್ನು ತಿರುಗಿಸಿದಳು.
ಎಷ್ಟು ಹೊತ್ತು? ಬಾಬಿ ಒಳಗೆ ಹೋಗಿ
ಚಹಾಕ್ಕೆ ನೀರಿಟ್ಟು ಬಂದಳು, ಅಷ್ಟು.

ಆಮೇಲೆ ಅದೇ ಬಂತು,
ಜೇಬು ಮೂಸಿತು, ತೋಳು ಕಚ್ಚಿತು.
ಜಾಕೆಟ್ಟಿನ ಮೇಲೆ ಹಸಿರು ಹಲ್ಲಿನ ಸಾಲು.
ಅಳಲಿಲ್ಲ. ನನ್ನತ್ತ ನೋಡಲೂ ಇಲ್ಲ.
ಗ್ಲೌಸು ಕಳಚಿ,
"ನನ್ನ ಹತ್ತಿರ ಏನೂ ಇಲ್ಲ" ಎಂದು
ಬರಿಗೈ ಬಿಡಿಸಿ ತೋರಿಸಿ
ಅದೇ ಕೈಯಲ್ಲಿ ಅದರ ಹೆಗಲು ಮೆಲ್ಲಗೆ ತಟ್ಟಿದಳು.
ತಟ್ಟನ್ನು ತಟ್ಟುವುದು ಇವಳಿಗೆ ಯಾರು ಕಲಿಸಿದರು?
ಸೋಫಾ ಇರಬೇಕು.

ವಾಪಸು ಬರುವಾಗ ಏನೂ ಕೇಳಲಿಲ್ಲ.
ಮೊಟ್ಟೆಯ ಡಬ್ಬಿ ತೊಡೆಯ ಮೇಲೆ,
ತಿರುವುಗಳಲ್ಲಿ ಅವಳೊಬ್ಬಳೇ ವಾಲಿದಳು, ಡಬ್ಬಿ ವಾಲಲಿಲ್ಲ.
ಅಪ್ಪನ ಅಳತೆ ನೆನಪಾಗಿ ಎದೆ ಝಲ್ಲೆಂದಿತು.
ಕೇಳೇ, ಒಂದು ಸಲ ಕೇಳು,
ಎಂದು ಕನ್ನಡಿಯಲ್ಲಿ ಅವಳ ಮುಖವನ್ನೇ ನೋಡಿದೆ.

ಶುಕ್ರವಾರ, ಮೊದಲ ಫೆರಿ ದಡ ಬಿಡುವ ಮುಂಚೆ
ಬಾಬಿಗೆ ಫೋನು ಮಾಡಿದೆ.
ಮಗು ತಯಾರಿದೆಯೇ ಎಂದು ಅವಳು ಕೇಳಲಿಲ್ಲ.
"ನಿನ್ನ ಗೇಟಿನ ಚಿಲಕ ಗಟ್ಟಿ ಇದೆಯಾ?
ಅದು ಮೂಗಿನಲ್ಲೇ ತೆಗೆದುಬಿಡುತ್ತದೆ."

ಇಲ್ಲ, ಅಂದೆ.
ಶನಿವಾರದೊಳಗೆ ಮಾಡಿಸುತ್ತೇನೆ, ಅಂದೆ.