ಹನ್ನೊಂದನೆಯದು

ಹೊರಗೆ ಸೊನ್ನೆಗಿಂತ ಇಪ್ಪತ್ತೇಳು ಡಿಗ್ರಿ ಕೆಳಗೆ.
ಔಲು ಊರಿನ ಬಸ್ಸಿನಲ್ಲಿ ನನ್ನ ಗಂಡ ಎನ್ಸಿಯೊ
ಅಂಗಿಗೂ ಸ್ವೆಟರಿಗೂ ನಡುವೆ
ಹನ್ನೊಂದು ನಿಯಾನ್ ಮೀನುಗಳನ್ನು ಬಚ್ಚಿಟ್ಟುಕೊಂಡು ಬಂದ.
ಬಾಗಿಲಲ್ಲಿ ಮಾತಿಲ್ಲ, ಕತೆಯಿಲ್ಲ.
‘ದೀಪ ಆರಿಸು’ ಅಂದ.

ಮೂವತ್ತನಾಲ್ಕು ವರ್ಷ ಹಿಮ ಬಾಚುವ ಗಾಡಿ ಓಡಿಸಿದವನು.
ಯಾರಿಗೂ ಕಾದವನಲ್ಲ.
ಮದುವೆಯ ದಿನ, ನನ್ನ ಕೂದಲಿಗೆ ಇನ್ನೂ ಪಿನ್ನು ಸಿಗಿಸುತ್ತಿರುವಾಗಲೇ
ಬೀದಿಯಲ್ಲಿ ಹಾರ್ನ್ ಹೊಡೆದವನು.
ಮಗಳು ಹುಟ್ಟುವ ರಾತ್ರಿ ಡಾಕ್ಟರನ್ನೇ
‘ಇನ್ನೂ ಎಷ್ಟು ಹೊತ್ತು?’ ಎಂದು ಗದರಿದವನು.
ಸೂಪು ಆರಲು ಬಿಡದೆ ನಾಲಿಗೆ ಸುಟ್ಟುಕೊಂಡು
ತಪ್ಪೆಲ್ಲ ಸೂಪಿನದೇ ಎಂದವನು.

ಈಗ ನೋಡಿ,
ಮೊಣಕಾಲೂರಿ ಕೂತಿದ್ದಾನೆ ತೊಟ್ಟಿಯ ಮುಂದೆ.
ಕಟ್ಟಿದ ಚೀಲ ನೀರ ಮೇಲೆ ತೇಲುತ್ತಿದೆ,
ಒಳಗಿನ ಬಿಸಿಗೆ ಹೊರಗಿನ ಬಿಸಿ ಪರಿಚಯವಾಗಲಿ ಎಂದು.
ಇಪ್ಪತ್ತು ನಿಮಿಷ.
ಆಮೇಲೆ ಗಂಟು ಬಿಚ್ಚಿ, ಚೀಲದ ಬಾಯಿ ಮಡಚಿ,
ನನ್ನ ಕಾಫಿ ಅಳೆಯುವ ಚಮಚದಲ್ಲಿ
ತೊಟ್ಟಿಯ ನೀರು ಒಂದು ಗುಟುಕು.
ಐದು ನಿಮಿಷ. ಇನ್ನೊಂದು ಗುಟುಕು.
ಕೆಮ್ಮು ಬಂದರೆ ಅಡುಗೆಮನೆಗೆ ಹೋಗಿ ಕೆಮ್ಮಿ ಬರುತ್ತಾನೆ.

ಶನಿವಾರ. ಸೌನಾ ಕಾದು ಕಾದು ತಣಿಯುತ್ತಿದೆ.
ಕರೆದೆ.
‘ಅವಸರ ಮಾಡಬೇಡ ಇರ್ಯಾ’ ಅಂದ.
ಈ ಬಾಯಿಂದ ಈ ಮಾತು!
ಟವೆಲ್ಲು ಹೆಗಲ ಮೇಲೆ, ನಾನು ಅಲ್ಲೇ ನಿಂತುಬಿಟ್ಟೆ.

ಅಂಗಡಿಯ ನೀರು ತೊಟ್ಟಿಗೆ ಬೀಳಕೂಡದಂತೆ.
ಚಿಕ್ಕ ಬಲೆಯಲ್ಲಿ ಎರಡೆರಡಾಗಿ ಎತ್ತಿ ಬಿಟ್ಟ,
ನಿದ್ದೆಯ ಮಗುವಿಗೆ ತೊಟ್ಟಿಲು ಬದಲಿಸುವ ಹಾಗೆ.
(ನಮ್ಮ ಮಗಳನ್ನು ಅವನು ಹಾಗೆ ಎತ್ತಿದ್ದು ನೆನಪಿಲ್ಲ.
ಎತ್ತಿರಬಹುದು. ಆಗ ನನಗೂ ನಿದ್ದೆ.)
ನೀಲಿ ಗೆರೆಗೆಂದೇ ದುಡ್ಡು ಕೊಟ್ಟು ತಂದವು
ಗಾಬರಿಗೆ ಬಣ್ಣ ಬಿಟ್ಟು ಬೂದಿಯಾಗಿದ್ದವು,
ಮೂಲೆಯ ಪಾಚಿಯ ಕೆಳಗೆ ಮುದುಡಿ ನಿಂತವು.
‘ಊಟ ಹಾಕಲೇ?’ ಅಂದೆ.
‘ಇವತ್ತು ಬೇಡ. ಇಂಥ ದಿನ
ಯಾರಿಗೆ ಹಸಿವಾಗುತ್ತೆ?’

ಬಾಣಂತಿ ಕೋಣೆಯಂತಾಯಿತು ಮನೆ.
ಟೀವಿ ಇಲ್ಲ, ರೇಡಿಯೊ ಇಲ್ಲ,
ಉಣ್ಣೆಯ ಕಾಲುಚೀಲದಲ್ಲಿ ಓಡಾಟ.
ಟಾರ್ಚಿಗೆ ಕರವಸ್ತ್ರ ಸುತ್ತಿ ಎಣಿಸಿದ: ಹತ್ತು.
ಮತ್ತೆ ಎಣಿಸಿದ: ಹತ್ತು.
ಒದ್ದೆ ತೋಳಿನಲ್ಲೇ ನೆಲವೆಲ್ಲ ತಡಕಿದ, ಸೋಫಾದಡಿ ಕೂಡ.
ಸಿಕ್ಕಿದ್ದು ಒಂದು ಗುಂಡಿ, ಒಂದು ಹಳೆಯ ಬಸ್ ಟಿಕೇಟು.
ಮಲಗುವಾಗ ಗೋಡೆಗೆ ಮುಖ ಮಾಡಿ
‘ಚೀಲ ಎದೆಗೆ ಜಾಸ್ತಿ ಒತ್ತಿಕೊಂಡೆನೇನೋ’ ಅಂದ.

ನಾಲ್ಕು ಗಂಟೆಗೆ ನೀರು ಕುಡಿಯಲೆದ್ದೆ.
ಬೀದಿಯಲ್ಲಿ ಹಿಮದ ಗಾಡಿ, ಯಾರೋ ಹೊಸ ಹುಡುಗನದು,
ಹಳದಿ ಬೆಳಕು ತಿರುಗಿಸುತ್ತ ಹೋಯಿತು.
ಆ ಬೆಳಕು ತೊಟ್ಟಿಯನ್ನು ಸವರಿದಾಗ ಕಂಡಿತು,
ಹೀಟರಿನ ಹಿಂದೆ, ಗಾಜಿಗೆ ಅಂಟಿದಂತೆ, ಹನ್ನೊಂದನೆಯದು.
ಕಿವಿರು ಆಡುತ್ತಿದೆ,
ಮೈಮೇಲೆ ದಾರದಷ್ಟು ನೀಲಿ.

ಅವನನ್ನು ಎಬ್ಬಿಸಲಿಲ್ಲ.
ತಾನೇ ಎಣಿಸಿಕೊಳ್ಳಲಿ. ಇಲ್ಲಿ ಬೆಳಗಾಗಲು
ಹತ್ತು ಗಂಟೆಯಾದೀತು.
ಚಮಚವನ್ನು ಎರಡು ಸಲ ತೊಳೆದು
ಕಾಫಿ ಡಬ್ಬಿಗೆ ಹಾಕಿ, ಕೂತೆ.